ಫ್ಯಾನ್ ತಲೆ ಮೇಲೆ ಕೂತಾಗ: ಮಕ್ಕಳ ಇಂಗ್ಲಿಷ್ ಪ್ರಿಪೊಸಿಷನ್ ತಪ್ಪುಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

"ದಿ ಫ್ಯಾನ್ ಈಸ್ ಆನ್ ಮೈ ಹೆಡ್."

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಎದ್ದು ನಿಂತು ಓದಿದಾಗ ನಾನು ನಕ್ಕುಬಿಟ್ಟೆ. ಯಾಕೆ ನಕ್ಕೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಕತ್ತೆತ್ತಿ ಫ್ಯಾನ್ ನೋಡಿದಳು. ಅದು ಇದ್ದಲ್ಲೇ ಇತ್ತು, ಅವಳ ತಲೆ ಮೇಲೆಯೇ. ಕನ್ನಡದಲ್ಲಿ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ಒಂದು ಚೂರೂ ತಪ್ಪಿಲ್ಲ. ಆಮೇಲೆ ನಾನು ಮಾಡಿದ್ದು ನಾವೆಲ್ಲ ಮಾಡುವುದನ್ನೇ: 'ಆನ್' ಹೊಡೆದುಹಾಕಿ 'ಅಬವ್' ಬರೆದು, "ಹತ್ತು ಸಲ ಬರ್ಕೊಂಡು ಬಾ" ಅಂದೆ. ಬರೆದುಕೊಂಡು ಬಂದಳು. ಮುಂದಿನ ವಾರ ನೋಟ್‌ಬುಕ್ಕಿನಲ್ಲಿ "ದಿ ಬುಕ್ ಈಸ್ ಅಬವ್ ದಿ ಟೇಬಲ್" ಅಂತ ಇತ್ತು. ಪುಸ್ತಕ ಗಾಳಿಯಲ್ಲಿ ತೇಲುತ್ತಿತ್ತು.

ಬಲ್ಬ್ ಹತ್ತದಿದ್ದರೆ ಬಲ್ಬೇ ಹೋಗಿರಬೇಕು ಎಂದೇನಿಲ್ಲ. ಹೋಲ್ಡರ್ ಸಡಿಲ ಇರಬಹುದು, ಸ್ವಿಚ್ ಕೆಟ್ಟಿರಬಹುದು, ಬೀದಿಯಲ್ಲೇ ಕರೆಂಟ್ ಇಲ್ಲದಿರಬಹುದು. ಪ್ರಿಪೊಸಿಷನ್ (ಇನ್, ಆನ್, ಅಬವ್ ಥರ ಜಾಗ, ಹೊತ್ತು ತೋರಿಸುವ ಪದ) ತಪ್ಪುಗಳೂ ಹಾಗೆಯೇ. ನೋಟ್‌ಬುಕ್ಕಿನಲ್ಲಿ ಎಲ್ಲವೂ ಒಂದೇ ಥರದ ಕೆಂಪು ಗೀಟು, ಆದರೆ ಹಿಂದಿನ ಕಾರಣ ಬೇರೆ ಬೇರೆ. ಕಾರಣ ಗೊತ್ತಾಗದೆ ತಿದ್ದಲು ಹೋದರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ.

ನಮ್ಮ ಕಾಲದಲ್ಲಿ ಎಬಿಸಿಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. 2007-08ರಿಂದ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯ. ಅಂದರೆ ಇನ್, ಆನ್, ಅಂಡರ್ ಎಲ್ಲ ಆರು ವರ್ಷಕ್ಕೇ ಕಿವಿಗೆ ಬೀಳುತ್ತವೆ, ಆದರೂ ಐದನೇ ಕ್ಲಾಸಿನ ಹೊತ್ತಿಗೆ ಫ್ಯಾನ್ ತಲೆ ಮೇಲೆ ಕೂತಿರುತ್ತದೆ. ಈ ಕೈಪಿಡಿ ಕನ್ನಡ ಮಾಧ್ಯಮದ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವವರಿಗೆ, ಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಆದೀತು.

ಮೊದಲು ಚಾಕ್ ಡಬ್ಬಿ ಪರೀಕ್ಷೆ

ಖಾಲಿ ಚಾಕ್‌ಪೀಸ್ ಡಬ್ಬಿ, ಒಂದು ಹುಣಸೆ ಬೀಜ, ಒಂದು ಮಗುವಿಗೆ ಐದು ನಿಮಿಷ. ಇಷ್ಟೇ ಬೇಕಾದ್ದು. ಇಡೀ ಕ್ಲಾಸಿಗೆ ಒಟ್ಟಿಗೆ ಮಾಡಬೇಡಿ. ಮುಂದಿನ ಸಾಲಿನವನು ಹೇಳಿದ್ದನ್ನೇ ಮೂವತ್ತು ಬಾಯಿ ಹೇಳುತ್ತವೆ, ನಿಮಗೆ ಏನೂ ತಿಳಿಯುವುದಿಲ್ಲ.

ಮೊದಲು ಕನ್ನಡದಲ್ಲಿ ಹೇಳಿ: ಬೀಜ ಡಬ್ಬಿ ಒಳಗೆ ಹಾಕು, ಡಬ್ಬಿ ಮೇಲೆ ಇಡು, ಕೆಳಗೆ, ಪಕ್ಕದಲ್ಲಿ, ಹಿಂದೆ. ಮಗು ಸರಿಯಾಗಿ ಇಟ್ಟರೆ ಅದೇ ಆಜ್ಞೆ ಇಂಗ್ಲಿಷಿನಲ್ಲಿ: "ಪುಟ್ ದಿ ಸೀಡ್ ಅಂಡರ್ ದಿ ಬಾಕ್ಸ್." ಇದೂ ಸರಿಯಾದರೆ ಬೀಜ ನೀವು ಇಡಿ, ಎಲ್ಲಿದೆ ಎಂದು ಮಗು ಒಂದೇ ಪದದಲ್ಲಿ ಹೇಳಲಿ. ಆಮೇಲೆ ಪೂರ್ತಿ ವಾಕ್ಯ. ಕೊನೆಗೆ ಬರವಣಿಗೆ. ಎಲ್ಲಿ ತಡವರಿಸುತ್ತದೋ ಅಲ್ಲಿ ನಿಲ್ಲಿಸಿ, ಮುಂದಕ್ಕೆ ಹೋಗಬೇಡಿ, ದೋಷ ಅಲ್ಲೇ ಇದೆ.

ಈ ಪರೀಕ್ಷೆ ನಿಮಗೇ ಮೋಸ ಮಾಡಬಹುದಾದ ಎರಡು ಜಾಗ ಇವೆ. ಒಂದು ನಿಮ್ಮ ಕಣ್ಣು. "ಅಂಡರ್" ಅನ್ನುವಾಗ ನೀವು ಡಬ್ಬಿಯ ಬುಡ ನೋಡಿದರೆ ಮಗು ನಿಮ್ಮ ಕಣ್ಣನ್ನು ಓದಿ ಅಲ್ಲಿಗೇ ಇಡುತ್ತದೆ. ನಾನು ಹೇಳುವಾಗ ಕಿಟಕಿ ಕಡೆ ನೋಡುತ್ತೇನೆ. ಇನ್ನೊಂದು ಡಬ್ಬಿಯ ಬಾಯಿ. ತೆರೆದ ಡಬ್ಬಿ ಕಂಡರೆ ಸಣ್ಣ ಮಕ್ಕಳು ಏನು ಹೇಳಿದರೂ ಬೀಜವನ್ನು ಒಳಗೇ ಹಾಕುತ್ತಾರೆ. 'ಇನ್' ಸರಿ ಬಂತು ಎಂದು ಖುಷಿಪಡುವ ಮೊದಲು 'ಆನ್' ಕೇಳಿ ನೋಡಿ, ಆಗಲೂ ಒಳಗೇ ಹಾಕಿದರೆ ಮಗುವಿಗೆ ಇನ್ ಗೊತ್ತಿಲ್ಲ, ಡಬ್ಬಿ ಗೊತ್ತು.

ಯಾವುದು ಮೊದಲು ಬರುತ್ತದೆ, ಯಾವುದು ತಡವಾಗಿ ಬರುತ್ತದೆ ಎಂಬುದೂ ತಿಳಿದಿರಲಿ. ಜೂಡಿತ್ ಜಾನ್‌ಸ್ಟನ್ ಮತ್ತು ಡ್ಯಾನ್ ಸ್ಲೋಬಿನ್ ಎಂಬ ಭಾಷಾ ಸಂಶೋಧಕರು 1979ರಲ್ಲಿ ಇಂಗ್ಲಿಷ್, ಇಟಾಲಿಯನ್, ಸರ್ಬೋ-ಕ್ರೊಯೇಷಿಯನ್, ಟರ್ಕಿಷ್ ಆಡುವ ಪುಟ್ಟ ಮಕ್ಕಳನ್ನು ಹೋಲಿಸಿ ನೋಡಿದರು. ನಾಲ್ಕೂ ಭಾಷೆಯಲ್ಲಿ ಒಳಗೆ, ಮೇಲೆ, ಕೆಳಗೆ, ಪಕ್ಕದಲ್ಲಿ ಮೊದಲು ಬಂದವು. ನಡುವೆ, ಮುಂದೆ, ಹಿಂದೆ ಆಮೇಲೆ. ಟರ್ಕಿಷ್ ಕೂಡ ನಮ್ಮ ಕನ್ನಡದ ಹಾಗೆ ಇಂಥ ಪದವನ್ನು ನಾಮಪದ ಆದ ಮೇಲೆ ಹಾಕುವ ಭಾಷೆ, ಅಲ್ಲೂ ಇದೇ ಕ್ರಮ. ಹಾಗಾಗಿ ಎರಡನೇ ಕ್ಲಾಸಿನ ಮಗುವಿಗೆ 'ಬಿಟ್ವೀನ್' ಬರಲಿಲ್ಲ ಎಂದು ಗಾಬರಿ ಬೀಳುವಂಥದ್ದೇನಿಲ್ಲ. 'ಅಂಡರ್' ಬರಲಿಲ್ಲ ಅಂದರೆ ನೋಡಬೇಕು.

ಕನ್ನಡದಲ್ಲೇ ತಡವರಿಸಿದರೆ

ಇದು ಕಡಿಮೆ, ಆದರೆ ಇದೆ. ಜಾಸ್ತಿ ಸಿಗುವುದು ಮುಂದೆ-ಹಿಂದೆ ವಿಷಯದಲ್ಲಿ. ಬಸ್ಸಿಗೆ ತನ್ನದೇ ಮುಖ ಇದೆ, ಆದ್ದರಿಂದ ಬಸ್ಸಿನ ಮುಂದೆ ಅಂದರೆ ಎಲ್ಲಿ ಎಂದು ಎಲ್ಲರಿಗೂ ಗೊತ್ತು. ಮರಕ್ಕೆ ಮುಖ ಇಲ್ಲ. ಮರದ ಮುಂದೆ ಅಂದರೆ ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಹೋಗುತ್ತದೆ. ನಾವು ಮೇಜಿನ ಈಚೆ ನಿಂತು "ಡಬ್ಬಿ ಹಿಂದೆ ಇಡು" ಅನ್ನುತ್ತೇವೆ, ಮಗು ಆಚೆ ಕೂತು ತನ್ನ ಕಡೆಯಿಂದ ಹಿಂದೆ ಇಡುತ್ತದೆ, ನಾವು ತಪ್ಪು ಅನ್ನುತ್ತೇವೆ. ತಪ್ಪು ಯಾರದು? ಮಗುವಿನ ಪಕ್ಕಕ್ಕೆ ಬಂದು ಕೂತು ಇನ್ನೊಮ್ಮೆ ಕೇಳಿ. ಅರ್ಧ ತಪ್ಪು ಅಷ್ಟಕ್ಕೇ ಮಾಯ.

ಇನ್ನೊಂದು ಕಾರಣ ಮನೆಮಾತು. ನಮ್ಮ ಕೋಲಾರದ ಕಡೆ ಕ್ಲಾಸಿನ ಸುಮಾರು ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಅವರಿಗೆ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಒಂದು ಮಗು "ಪಕ್ಕದಲ್ಲಿ" ಅಂದಾಗ ಸುಮ್ಮನೆ ನಿಂತಿತ್ತು. ನನ್ನ ಹರಕು ತೆಲುಗಿನಲ್ಲಿ "ಪಕ್ಕನ ಪೆಟ್ಟು" ಅಂದ ತಕ್ಷಣ ಇಟ್ಟಿತು. ಮೀದ, ಕಿಂದ, ವೆನಕ, ಲೋಪಲ (ಮೇಲೆ, ಕೆಳಗೆ, ಹಿಂದೆ, ಒಳಗೆ) ಇಷ್ಟು ನಿಮಗೆ ಬಂದರೆ ಸಾಕು. ಮಂಗಳೂರಿನ ಕಡೆಯವರು ತುಳುವಿನ ಮಿತ್ತ್, ತಿರ್ತ್, ಉಳಾಯಿ, ಪಿದಾಯಿ (ಮೇಲೆ, ಕೆಳಗೆ, ಒಳಗೆ, ಹೊರಗೆ) ಇಟ್ಟುಕೊಳ್ಳಲಿ. ಯಾವ ಭಾಷೆಯಲ್ಲಿ ಮಗುವಿಗೆ ಜಾಗ ಗೊತ್ತಿದೆಯೋ ಆ ಭಾಷೆಯಿಂದಲೇ ಇಂಗ್ಲಿಷಿಗೆ ಸೇತುವೆ ಹಾಕಬೇಕು. ನಡುವೆ ಕನ್ನಡದಲ್ಲಿ ಇಳಿದು ಬಸ್ ಬದಲಿಸುವ ಅಗತ್ಯ ಇಲ್ಲ.

ಮನೆಮಾತಿನಲ್ಲೂ ಬರದಿದ್ದರೆ ಪುಸ್ತಕ ಮುಚ್ಚಿ ಮೈದಾನಕ್ಕೆ ಹೋಗಿ. ಮರದ ಹಿಂದೆ ಅಡಗಿಕೋ, ಇಬ್ಬರ ನಡುವೆ ನಿಲ್ಲು, ಬೆಂಚಿನ ಕೆಳಗೆ ತೂರು. ಒಂದು ವಾರ ಇಂಗ್ಲಿಷ್ ಬೇಡ.

ಪದ ಸರಿ, ಜಾಗ ತಪ್ಪು

ಲಕ್ಷಣ: "ಬುಕ್ ಟೇಬಲ್ ಆನ್ ಈಸ್." ಅಥವಾ "ಕ್ಯಾಟ್ ಚೇರ್ ಅಂಡರ್." ಪದ ಗೊತ್ತಿದೆ, ಎಲ್ಲಿ ಕೂರಿಸಬೇಕು ಎಂದು ಗೊತ್ತಿಲ್ಲ. ಮೇಜಿನ ಮೇಲೆ, ಕುರ್ಚಿ ಕೆಳಗೆ ಎಂದು ನಾವು ವಸ್ತು ಹೇಳಿ ಆಮೇಲೆ ಜಾಗ ಹೇಳುತ್ತೇವೆ. ಇಂಗ್ಲಿಷಿನವರು ತಿರುಗಾಮುರುಗಾ.

ಇದನ್ನು ವಿವರಿಸಬೇಡಿ, ನಡೆಸಿ ತೋರಿಸಿ. ನಾನು ಮೂರು ಮಕ್ಕಳನ್ನು ನಿಲ್ಲಿಸಿ ರೈಲು ಮಾಡುತ್ತೇನೆ. ಒಬ್ಬಳ ಕೈಯಲ್ಲಿ 'ಆನ್' ಎಂಬ ರಟ್ಟು, ಅವಳು ಎಂಜಿನ್. ಇನ್ನಿಬ್ಬರು 'ದಿ' ಮತ್ತು 'ಟೇಬಲ್', ಬೋಗಿಗಳು. ಇಂಗ್ಲಿಷ್ ರೈಲಿಗೆ ಎಂಜಿನ್ ಮುಂದೆ, ಕನ್ನಡ ರೈಲನ್ನು ಎಂಜಿನ್ ಹಿಂದಿನಿಂದ ತಳ್ಳುತ್ತದೆ. "ಕನ್ನಡ ರೈಲು!" ಅಂದರೆ ಎಂಜಿನ್ ಆದವಳು ಓಡಿ ಹಿಂದಕ್ಕೆ ಹೋಗಬೇಕು, "ಇಂಗ್ಲಿಷ್ ರೈಲು!" ಅಂದರೆ 'ಆನ್' ಹಿಡಿದವಳು ಮುಂದಕ್ಕೆ ಬರಬೇಕು. ಗಲಾಟೆ ಆಗುತ್ತದೆ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ, ಆಗಲಿ ಬಿಡಿ. ಮೂರು ದಿನದಲ್ಲಿ ಈ ದೋಷ ಹೋಗುತ್ತದೆ. ಎಲ್ಲ ದೋಷಗಳಲ್ಲಿ ಇದೇ ಸುಲಭದ್ದು.

ಅಂದ ಹಾಗೆ ಕೆಲವು ಗೈಡುಗಳಲ್ಲಿ ಪ್ರಿಪೊಸಿಷನ್‌ಗೆ 'ಉಪಸರ್ಗ' ಎಂದು ಬರೆದಿರುತ್ತಾರೆ. ಮಕ್ಕಳಿಗೆ ಅದನ್ನು ಹೇಳಬೇಡಿ. ಕನ್ನಡ ಪಾಠದಲ್ಲಿ ಉಪಸರ್ಗ ಅಂದರೆ ಪ್ರ, ಅಪ, ಉಪ ಎಂದು ಪದಕ್ಕೇ ಅಂಟುವ ತುಂಡುಗಳು. ಇದು ಬೇರೆ, ಅದು ಬೇರೆ.

ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಐದು

ಫ್ಯಾನಿನ ಹುಡುಗಿ ಚಾಕ್ ಡಬ್ಬಿ ಪರೀಕ್ಷೆಯಲ್ಲಿ ಎಲ್ಲ ಹಂತ ದಾಟಿದ್ದಳು. ಜಾಗ ಗೊತ್ತಿತ್ತು, ಪದ ಗೊತ್ತಿತ್ತು, ಕ್ರಮವೂ ಗೊತ್ತಿತ್ತು. ಅವಳ ಸಮಸ್ಯೆ ಅಂದರೆ ಕನ್ನಡದ 'ಮೇಲೆ' ಒಬ್ಬನೇ ಆಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ನಾಲ್ಕು ಜನ ಹಂಚಿಕೊಂಡಿದ್ದಾರೆ. ಮೇಜಿನ ಮೇಲೆ ಪುಸ್ತಕ, ತಲೆ ಮೇಲೆ ಫ್ಯಾನ್, ಗೋಡೆ ಮೇಲಿಂದ ಹಾರಿದ, ಊಟ ಆದ ಮೇಲೆ ಬಾ. ಆನ್, ಅಬವ್, ಓವರ್, ಆಫ್ಟರ್. ಮಗು ಮೊದಲು ಕಲಿತ ಒಬ್ಬನನ್ನೇ ಎಲ್ಲ ಕೆಲಸಕ್ಕೂ ಕಳಿಸುತ್ತದೆ.

ನನ್ನ ಅಂದಾಜಿನಲ್ಲಿ ಮೂರನೇ ಕ್ಲಾಸಿನ ಮೇಲೆ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಈ ಥರದವೇ. ಪತ್ತೆ ಹಚ್ಚುವುದು ಸುಲಭ: ಮಗುವಿನ ತಪ್ಪು ವಾಕ್ಯವನ್ನು ಹಾಗೇ ಕನ್ನಡಕ್ಕೆ ತಿರುಗಿಸಿ. ಕನ್ನಡ ಸರಿಯಾಗಿ ಕೇಳಿಸಿದರೆ ದೋಷ ಇಲ್ಲೇ.

"ಐ ಕಟ್ ದಿ ಆ್ಯಪಲ್ ಫ್ರಮ್ ನೈಫ್." ಚಾಕುವಿನಿಂದ ಕತ್ತರಿಸಿದೆ, ಸರಿಯಾಗಿದೆ ಅಲ್ವಾ? "ಹಿ ಈಸ್ ಆ್ಯಂಗ್ರಿ ಆನ್ ಮಿ." ನನ್ನ ಮೇಲೆ ಕೋಪ. "ಪೆನ್ಸಿಲ್ ಈಸ್ ನಿಯರ್ ಮಿ", ಅಂದರೆ ಪೆನ್ಸಿಲ್ ನನ್ನ ಹತ್ತಿರ ಇದೆ, ಚೀಲದಲ್ಲಿ. "ಕಮ್ ಟು ಫೋರ್ ಓ ಕ್ಲಾಕ್", ನಾಲ್ಕು ಗಂಟೆಗೆ ಬಾ.

ಇದರಲ್ಲಿ ಅತಿ ಬಿಡುವಿಲ್ಲದ ಆಳು 'ಇಂದ'. ಊರಿಂದ ಬಂದೆ, ಪೆನ್ನಿಂದ ಬರೆದೆ, ಮಳೆಯಿಂದ ರಜೆ ಕೊಟ್ಟರು, ಸೋಮವಾರದಿಂದ ಜ್ವರ, ಮಣ್ಣಿನಿಂದ ಮಾಡಿದ ಗಣಪ. ಇಂಗ್ಲಿಷಿನಲ್ಲಿ ಐದಕ್ಕೂ ಬೇರೆ ಬೇರೆ ಪದ. ಕನ್ನಡ ವ್ಯಾಕರಣ ಪಾಠದಲ್ಲಿ ತೃತೀಯಾ ವಿಭಕ್ತಿಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದು ಬಾಯಿಪಾಠ ಮಾಡಿಸುತ್ತೇವೆ, ಪೆನ್ನಿಗೂ ಊರಿಗೂ ವ್ಯತ್ಯಾಸ ಇದೆ ಎನ್ನುವ ಹಾಗೆ. ಅಂಗಡಿಯ ದೆಸೆಯಿಂದ ಸಕ್ಕರೆ ತಂದೆ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಅಂದಿದ್ದಾರಾ? ಮಗುವಿನ ಕಿವಿಯಲ್ಲಿ ಇರುವುದು ಒಂದೇ 'ಇಂದ'. ಹಾಗಿರುವಾಗ ಅದು ಒಂದೇ 'ಫ್ರಮ್' ಹಿಡಿದುಕೊಳ್ಳುವುದು ಬುದ್ಧಿ ಇರುವುದಕ್ಕೆ ಗುರುತು.

ಸರಿ ಮಾಡುವುದು ಹೇಗೆ? ಐದನ್ನೂ ಒಂದೇ ದಿನ ಬೋರ್ಡಿನ ಮೇಲೆ ಪಟ್ಟಿ ಮಾಡಿದರೆ ಕೆಟ್ಟಿತು. ನಾನು ಒಂದು ಸಲಕ್ಕೆ ಎರಡೇ ತೆಗೆದುಕೊಳ್ಳುತ್ತೇನೆ, ಮತ್ತು ಆ ಎರಡನ್ನು ಬೇರೆ ಮಾಡಲು ಒಂದೇ ಒಂದು ಪ್ರಶ್ನೆ. ಪ್ರಶ್ನೆ ಕನ್ನಡದಲ್ಲೇ ಇರಬೇಕು, ಮಗು ತನ್ನಷ್ಟಕ್ಕೆ ತಾನೇ ಕೇಳಿಕೊಳ್ಳುವಷ್ಟು ಚಿಕ್ಕದಾಗಿರಬೇಕು.

ಆನ್ ಮತ್ತು ಅಬವ್‌ಗೆ ಪ್ರಶ್ನೆ: ಮುಟ್ಟುತ್ತದಾ? ಮುಟ್ಟಿದರೆ ಆನ್, ಮುಟ್ಟದೆ ಮೇಲಿದ್ದರೆ ಅಬವ್. ನಲಿಕಲಿ (ಸರ್ಕಾರಿ ಶಾಲೆಗಳ ಸಣ್ಣ ಕ್ಲಾಸುಗಳಲ್ಲಿ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಕೋಣೆ ಇದ್ದವರಿಗೆ ಇದು ತುಂಬಾ ಸಲೀಸು, ಯಾಕೆಂದರೆ ಅಲ್ಲಿ ತಲೆ ಮೇಲೆ ಚಪ್ಪರದ ಹಗ್ಗಗಳಲ್ಲಿ ಮಕ್ಕಳ ಚಿತ್ರಗಳು ನೇತಾಡುತ್ತಿರುತ್ತವೆ. "ಚಿತ್ರ ನಿನ್ನ ತಲೆಗೆ ಮುಟ್ಟುತ್ತಾ?" "ಇಲ್ಲ ಮಿಸ್." "ಅಬವ್." ಚಿತ್ರ ಒಂದನ್ನು ಇಳಿಸಿ ತಲೆ ಮೇಲೆ ಇಡಿ. "ಈಗ?" "ಆನ್!" ಫ್ಯಾನಿನ ಹುಡುಗಿಗೆ ಹೀಗೆ ಮಾಡಿದ್ದು ಎರಡೇ ನಿಮಿಷ. ಹತ್ತು ಸಲ ಬರೆಸಿದ್ದಕ್ಕಿಂತ ಕಡಿಮೆ ಹೊತ್ತು.

ಈ ಪ್ರಶ್ನೆ ಗಟ್ಟಿಯಾಗಿದೆಯಾ ಎಂದು ನೋಡಲು ಹಲ್ಲಿ ಬೇಕು. ತಾರಸಿಗೆ ಅಂಟಿಕೊಂಡ ಹಲ್ಲಿ ತಲೆಕೆಳಗಾಗಿ ಇರುತ್ತದೆ. ಅದೂ 'ಆನ್ ದಿ ಸೀಲಿಂಗ್'. ಒಬ್ಬ ಹುಡುಗ ಒಪ್ಪಲೇ ಇಲ್ಲ. "ಮಿಸ್, ಅದು ತಾರಸಿ ಕೆಳಗಿದೆ." ಕೆಳಗೇ ಇದೆ, ನಿಜ. "ಮುಟ್ಟುತ್ತದಾ?" "ನಾಲ್ಕು ಕಾಲಲ್ಲೂ ಮುಟ್ಟುತ್ತೆ." "ಮತ್ತೆ?" ಸ್ವಲ್ಪ ಹೊತ್ತು ಹಲ್ಲಿಯನ್ನೇ ನೋಡಿ, "ಹಂಗಾದ್ರೆ ಆನ್ ಅಂದ್ರೆ ಮೇಲೆ ಅಲ್ಲ" ಅಂದ. ಇದನ್ನು ನಾನು ಹೇಳಿಕೊಟ್ಟಿದ್ದರೆ ಅವನ ತಲೆಗೆ ಇಷ್ಟು ಚೆನ್ನಾಗಿ ಹೋಗುತ್ತಿರಲಿಲ್ಲ. ಗೋಡೆಯ ಗಡಿಯಾರ, ಬೋರ್ಡಿನ ಅಕ್ಷರ, ಅಂಗಿಯ ಮಸಿ ಕಲೆ, ಬೆರಳಿನ ಉಂಗುರ ಎಲ್ಲವನ್ನೂ ಅವತ್ತು ಅವರೇ ಹುಡುಕಿ ಹುಡುಕಿ ಹೇಳಿದರು.

ಫ್ರಮ್ ಮತ್ತು ವಿತ್‌ಗೆ ಪ್ರಶ್ನೆ: ಕೈಯಲ್ಲಿ ಹಿಡಿದಿದ್ದೀಯಾ, ಬಿಟ್ಟು ಬಂದಿದ್ದೀಯಾ? ಚಾಕು ಹಿಡಿದಿದ್ದರೆ ವಿತ್. ಊರು ಬಿಟ್ಟು ಬಂದಿದ್ದರೆ ಫ್ರಮ್. ಚೀಲದಲ್ಲಿರುವ ಪೆನ್ಸಿಲ್‌ಗೂ ಕೊನೆಗೆ ಇದೇ ವಿತ್ ಸಿಗುತ್ತದೆ, 'ನಿಯರ್' ಬೇಡ. ಮಳೆ, ಜ್ವರ, ಮಣ್ಣಿನ ಗಣಪ ಎಲ್ಲ ಆಮೇಲೆ ಬರಲಿ. 'ಎರಡು ವರ್ಷದಿಂದ' ಎಂಬುದನ್ನು ಮಕ್ಕಳು 'ಫ್ರಮ್ ಟು ಇಯರ್ಸ್' ಅನ್ನುತ್ತಾರೆ. ಅಲ್ಲಿ 'ಫಾರ್' ಬೇಕು, ಶುರುವಾದ ದಿನ ಹೇಳುವಾಗ 'ಸಿನ್ಸ್' ಬೇಕು. ಆದರೆ ಇದಕ್ಕೆ ಕ್ರಿಯಾಪದದ ರೂಪವನ್ನೂ ಬದಲಿಸಬೇಕಾಗುತ್ತದೆ. ಪ್ರೈಮರಿಯಲ್ಲಿ ಇದಕ್ಕೆ ಕೈ ಹಾಕದಿರುವುದು ವಾಸಿ.

ಇನ್ನು 'ಅಲ್ಲಿ'. ಡಬ್ಬಿಯಲ್ಲಿ ಬೀಜ, ಗೋಡೆಯಲ್ಲಿ ಗಡಿಯಾರ, ಬಾಗಿಲಲ್ಲಿ ಅಜ್ಜಿ. ಇನ್, ಆನ್, ಅಟ್. ಇಲ್ಲಿ ಮೂರು ಇರುವುದರಿಂದ ಪ್ರಶ್ನೆಯ ಬದಲು ಕೈಸನ್ನೆ ಇಟ್ಟುಕೊಂಡಿದ್ದೇನೆ. ಇನ್‌ಗೆ ಎರಡೂ ಕೈ ಬಳಸಿ ಅಪ್ಪಿಕೊಳ್ಳುವುದು, ಸುತ್ತ ಏನೋ ಇದೆ ಎಂದು. ಆನ್‌ಗೆ ಅಂಗೈ ಮೇಲೆ ಅಂಗೈ. ಅಟ್‌ಗೆ ಬೆರಳು ಚಾಚಿ ಒಂದು ಚುಕ್ಕೆ ತೋರಿಸುವುದು, ಇಂಥ ಕಡೆ ಎಂದು. ಬಾಗಿಲಲ್ಲಿ ನಿಂತ ಅಜ್ಜಿಯನ್ನು ಬಾಗಿಲು ಅಪ್ಪಿಕೊಂಡಿಲ್ಲ, ಅಜ್ಜಿ ಬಾಗಿಲಿಗೆ ಅಂಟಿಕೊಂಡೂ ಇಲ್ಲ, ಅಲ್ಲಿದ್ದಾಳೆ ಅಷ್ಟೇ: ಅಟ್ ದಿ ಡೋರ್.

ಮರದ ಹತ್ತಿರ ಹೋದರೆ ಮಾತ್ರ ಎಲ್ಲ ಅಡ್ಡಾದಿಡ್ಡಿ. ನಾವು 'ಮರದ ಮೇಲೆ ಹಕ್ಕಿ' ಅನ್ನುತ್ತೇವೆ, ಇಂಗ್ಲಿಷಿನವರು ಸಾಮಾನ್ಯವಾಗಿ 'ಇನ್ ದಿ ಟ್ರೀ' ಅನ್ನುತ್ತಾರೆ, ಹಕ್ಕಿ ಎಲೆ ಕೊಂಬೆಗಳ ಒಳಗೆ ಇದೆ ಎಂದು. ನಾವು 'ಮರದಲ್ಲಿ ಮಾವಿನಕಾಯಿ' ಅನ್ನುತ್ತೇವೆ, ಅವರು 'ಆನ್ ದಿ ಟ್ರೀ' ಅನ್ನುತ್ತಾರೆ, ಕಾಯಿ ಮರಕ್ಕೆ ಅಂಟಿದೆ ಎಂದು. ಕೈಸನ್ನೆ ಇಲ್ಲಿ ಕೆಲಸ ಮಾಡುತ್ತದೆ, ಕನ್ನಡ ಪದ ಕೈ ಕೊಡುತ್ತದೆ. ಆದರೂ 'ಬರ್ಡ್ ಆನ್ ದಿ ಟ್ರೀ' ಎಂದವರಿಗೆ ಅಂಕ ಕಳೆಯಲು ನನಗೆ ಮನಸ್ಸಿಲ್ಲ.

ವಾಹನಕ್ಕೆ ಮಾತ್ರ ಇನ್ನೊಂದು ಪ್ರಶ್ನೆ: ಒಳಗೆ ಎದ್ದು ಓಡಾಡಬಹುದಾ? ಬಸ್ಸು, ರೈಲಿನಲ್ಲಿ ಓಡಾಡಬಹುದು, ಆದ್ದರಿಂದ ಆನ್. ಆಟೋ, ಕಾರಿನಲ್ಲಿ ಆಗುವುದಿಲ್ಲ, ಇನ್. ಸೈಕಲ್ ಮೇಲೆ ಕೂತಿರುತ್ತೇವೆ, ಅದೂ ಆನ್. "ನಮ್ಮೂರ ಬಸ್ಸಲ್ಲಿ ಓಡಾಡಕ್ಕೆ ಜಾಗನೇ ಇರಲ್ಲ ಮಿಸ್" ಎಂದು ಒಂದು ಮಗು ಅಂದಿತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕನ್ನಡದಲ್ಲಿ ಏನೂ ಇಲ್ಲದ ಕಡೆ

ಲಕ್ಷಣ: "ಐ ಗೆಟ್ ಅಪ್ ಮಾರ್ನಿಂಗ್." "ವಿ ಹ್ಯಾವ್ ಪಿಟಿ ಸ್ಯಾಟರ್ಡೇ." ಪ್ರಿಪೊಸಿಷನ್ ತಪ್ಪಿಲ್ಲ, ಇಲ್ಲವೇ ಇಲ್ಲ. 'ಬೆಳಗ್ಗೆ ಏಳುತ್ತೇನೆ', 'ಶನಿವಾರ ಪಿಟಿ' ಅನ್ನುವಾಗ ಕನ್ನಡದಲ್ಲಿ ಬೇರೆ ಪದವೇ ಬೇಕಿಲ್ಲ. ಇರದ ಜಾಗಕ್ಕೆ ಮಗು ಎಲ್ಲಿಂದ ತರುತ್ತದೆ?

ಇದಕ್ಕೆ ದಾಖಲಾತಿ ಪುಸ್ತಕ ಸಾಕು. ದೊಡ್ಡದಕ್ಕೆ ಇನ್, ದಿನಕ್ಕೆ ಆನ್, ಗಡಿಯಾರಕ್ಕೆ ಅಟ್. ಇನ್ 1947, ಇನ್ ಆಗಸ್ಟ್, ಆನ್ ಆಗಸ್ಟ್ 15, ಅಟ್ ಎಯ್ಟ್ ಓ ಕ್ಲಾಕ್. ಪ್ರತಿ ಮಗುವಿನ ಹುಟ್ಟಿದ ವರ್ಷ, ತಿಂಗಳು, ದಿನವನ್ನು ದಾಖಲಾತಿ ಪುಸ್ತಕ ನೋಡಿ ಹೇಳಿಸಿ. ತಮ್ಮ ಹುಟ್ಟಿದ ದಿನ ಅಂದರೆ ಯಾರೂ ನಿದ್ದೆ ಮಾಡುವುದಿಲ್ಲ. ಅರ್ಧ ಕ್ಲಾಸು ಜೂನ್ 1ಕ್ಕೇ ಹುಟ್ಟಿದೆ ಎಂದು ಗೊತ್ತಾದರೆ ಆಶ್ಚರ್ಯ ಪಡಬೇಡಿ, ಹಿಂದೆ ಸೇರಿಸುವಾಗ ಹಾಗೇ ಬರೆಸುತ್ತಿದ್ದ ರೂಢಿ ಎಷ್ಟು ಊರಲ್ಲಿ ಇತ್ತೋ!

'ಇನ್ ದಿ ಮಾರ್ನಿಂಗ್', ಆದರೆ 'ಅಟ್ ನೈಟ್'. ಯಾಕೆ ಎಂದು ಮಕ್ಕಳು ಕೇಳುತ್ತಾರೆ. ರೂಢಿ ಎಂದು ಹೇಳಿ ಮುಂದಕ್ಕೆ ಹೋಗಿ. ಏನಾದರೂ ಕಾರಣ ಕಟ್ಟಿ ಹೇಳಿದರೆ ಆ ಕಾರಣವನ್ನು ಬೇರೆ ಕಡೆ ಹಚ್ಚಿ ಇನ್ನೊಂದು ತಪ್ಪು ಮಾಡುತ್ತಾರೆ.

ಬೇಡದ ಕಡೆ 'ಟು'

"ಗೋ ಟು ಹೋಮ್." "ಆಸ್ಕ್ ಟು ಮಿಸ್." "ಟೆಲ್ ಟು ಹಿಮ್." "ಗೋ ಟು ದೇರ್." ಮನೆಗೆ, ಮಿಸ್ಸಿಗೆ, ಅವನಿಗೆ, ಅಲ್ಲಿಗೆ. 'ಗೆ' ಇರುವ ಕಡೆಯಲ್ಲೆಲ್ಲ ಟು. ಇದಕ್ಕೆ ಮೂರು ನಾಲ್ಕು ಜೋಡಿಗಳನ್ನು ದಿನಾ ಬಳಸುವುದು ಬಿಟ್ಟರೆ ಬೇರೆ ಮದ್ದಿಲ್ಲ. "ಗೋ ಹೋಮ್" ಎಂದು ಲಾಂಗ್ ಬೆಲ್ ಹೊಡೆದಾಗ ನಾನೇ ಜೋರಾಗಿ ಹೇಳುತ್ತೇನೆ, ಆ ಎರಡು ಪದವನ್ನು ಅಷ್ಟು ಖುಷಿಯಿಂದ ಕೇಳುವ ಹೊತ್ತು ಇನ್ನೊಂದಿಲ್ಲ.

ಆದರೆ ಇಲ್ಲಿ ನಮ್ಮದೇ ಬೋರ್ಡನ್ನೂ ಒಮ್ಮೆ ನೋಡಿಕೊಳ್ಳಬೇಕು. ಮಕ್ಕಳು ಎಲ್ಲಿಂದ ಕಲಿತರು ಎಂದು ಹುಡುಕುತ್ತಾ ಹೋದ ನನಗೆ ಒಂದು ದಿನ ಬೋರ್ಡಿನ ಮೇಲೆ ನನ್ನದೇ ಕೈಬರಹದಲ್ಲಿ 'ಡಿಸ್ಕಸ್ ಅಬೌಟ್' ಸಿಕ್ಕಿತು. 'ಅದರ ಬಗ್ಗೆ ಚರ್ಚಿಸು' ಎಂಬ ಕನ್ನಡ ನನ್ನ ಕೈಯಿಂದಲೇ ಇಳಿದಿತ್ತು. 'ಎಂಟರ್ ಇಂಟು ದಿ ಕ್ಲಾಸ್', 'ರೀಚ್ ಟು ಸ್ಕೂಲ್' ಇವೂ ಅದೇ ಸಾಲಿನವು. ಒಂದು ವಾರ ನೀವು ಕ್ಲಾಸಿನಲ್ಲಿ ಹೇಳುವ ಇಂಗ್ಲಿಷ್ ವಾಕ್ಯಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೇಳುವಾಗ ಕಷ್ಟ ಆಗುತ್ತದೆ, ಗೊತ್ತು.

ವರ್ಕ್‌ಶೀಟ್ ಪಾಸ್, ಬಾಯಿ ಫೇಲ್

ಬಿಟ್ಟ ಸ್ಥಳ ತುಂಬಿ, ಇನ್/ಆನ್/ಅಂಡರ್. ಹನ್ನೆರಡು ಪ್ರಶ್ನೆಗೆ ನಾಲ್ಕು ಸರಿ ಬಂದರೆ ಮಗುವಿಗೆ ಸ್ವಲ್ಪ ಗೊತ್ತಿದೆ ಅಂದುಕೊಳ್ಳಬೇಡಿ. ಮೂರರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿದರೂ ಸರಾಸರಿ ನಾಲ್ಕು ಬರುತ್ತದೆ. ಎಂಟು-ಒಂಬತ್ತು ದಾಟಿದರೆ ಮಾತ್ರ ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಇದರ ಉಲ್ಟಾ ಸಮಸ್ಯೆಯೂ ಇದೆ: ಬಾಯಲ್ಲಿ ಸರಿ, ವರ್ಕ್‌ಶೀಟಿನಲ್ಲಿ ತಪ್ಪು. ಆಗ ಚಿತ್ರ ನೋಡಿ. ಡಬ್ಬಿಯ ಮುಂದೆ ಬೆಕ್ಕು ಇದೆ ಎಂದು ತೋರಿಸಲು ಚಿತ್ರ ಬರೆದವರು ಬೆಕ್ಕನ್ನು ಹಾಳೆಯ ಕೆಳಭಾಗದಲ್ಲಿ ಬರೆದಿರುತ್ತಾರೆ. ಮಗು 'ಅಂಡರ್' ಎಂದು ತುಂಬುತ್ತದೆ. ಹಾಳೆಯ ಮೇಲೆ ಬೆಕ್ಕು ಕೆಳಗೇ ಇದೆ ಅಲ್ವಾ! ಹಿಂದೆ ಇರುವ ಚೆಂಡು ಡಬ್ಬಿಯ ಮೇಲೆ ಕೂತ ಹಾಗೆ ಕಾಣುತ್ತದೆ. ಜೆರಾಕ್ಸ್ ಮಾಡಿ ಮಾಡಿ ಮಸುಕಾದ ಚಿತ್ರವಾದರೆ ಕೇಳುವುದೇ ಬೇಡ. ಮುಂದೆ, ಹಿಂದೆ, ನಡುವೆ ಇವನ್ನು ಚಿತ್ರದಿಂದ ಪರೀಕ್ಷೆ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಚಪ್ಪಲಿ, ಚೊಂಬು, ಕೊಡೆ ಏನಾದರೂ ನಿಜವಾದ ವಸ್ತು ಇಟ್ಟು ಕೇಳಿದರೆ ಐದು ನಿಮಿಷದ ಕೆಲಸ.

ರಿಪೇರಿ ಮಾಡಬಾರದ ಹೊತ್ತು

ಮಗು ಇಂಗ್ಲಿಷಿನಲ್ಲಿ ಏನೋ ಹೇಳಲು ಹೊರಟಿದೆ, ನಾಯಿ ಅಟ್ಟಿಸಿಕೊಂಡು ಬಂದ ಕಥೆ, ಕಣ್ಣು ಅಗಲ ಮಾಡಿಕೊಂಡು. ಮಧ್ಯದಲ್ಲಿ "ಆನ್ ಅಲ್ಲ, ಅಟ್" ಎಂದು ಬಾಯಿ ಹಾಕಿದರೆ ಕಥೆ ನಿಲ್ಲುತ್ತದೆ, ಮುಂದಿನ ಸಲ ಕಥೆ ಕನ್ನಡದಲ್ಲಿ ಬರುತ್ತದೆ. ಕೇಳಿ. ಆಮೇಲೆ ನೀವು ಅದೇ ವಾಕ್ಯವನ್ನು ಸರಿಯಾದ ಪದದೊಂದಿಗೆ ಅಚ್ಚರಿಯಿಂದ ತಿರುಗಿ ಹೇಳಿ: "ಓಹ್, ದಿ ಡಾಗ್ ಬಾರ್ಕ್ಡ್ ಅಟ್ ಯೂ?" ಅಷ್ಟು ಸಾಕು.

ದೇಶ ದೇಶಕ್ಕೆ ಬದಲಾಗುವುದರಲ್ಲಿಯೂ ತಲೆ ಹಾಕಬೇಡಿ. ಬ್ರಿಟಿಷರು 'ಅಟ್ ದಿ ವೀಕೆಂಡ್' ಅನ್ನುತ್ತಾರೆ, ಅಮೆರಿಕದವರು 'ಆನ್ ದಿ ವೀಕೆಂಡ್' ಅನ್ನುತ್ತಾರೆ. ಅವರೇ ಒಪ್ಪಂದಕ್ಕೆ ಬಂದಿಲ್ಲ.

ಒಂದು ಎಚ್ಚರಿಕೆ ಬಾಕಿ ಇದೆ. 'ಮುಟ್ಟುತ್ತದಾ' ಎಂಬ ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿದ ಮೇಲೆ ಮಕ್ಕಳು ಅದನ್ನು ಎಲ್ಲ ಕಡೆ ಹಚ್ಚಲು ಶುರು ಮಾಡುತ್ತಾರೆ. ಅದೇ ಫ್ಯಾನಿನ ಹುಡುಗಿ ಈ ವರ್ಷ ಐದನೇ ಕ್ಲಾಸು. ಬೋರ್ಡಿನ ಮೇಲೆ 'ಶಿ ಈಸ್ ಗುಡ್ ಅಟ್ ಮ್ಯಾತ್ಸ್' ಎಂದು ಬರೆದಿದ್ದೆ. ಕೈ ಎತ್ತಿದಳು. "ಮಿಸ್, ಇಲ್ಲಿ ಯಾವುದು ಯಾವುದಕ್ಕೆ ಮುಟ್ಟುತ್ತೆ?"

ಯಾವುದೂ ಇಲ್ಲ. ಗುಡ್ ಅಟ್, ಅಫ್ರೈಡ್ ಆಫ್, ಲಿಸನ್ ಟು, ವೇಟ್ ಫಾರ್, ಆ್ಯಂಗ್ರಿ ವಿತ್. ಇವಕ್ಕೆ ಪ್ರಶ್ನೆಯೂ ಇಲ್ಲ, ಕೈಸನ್ನೆಯೂ ಇಲ್ಲ. ಎರಡು ಪದ ಸೇರಿ ಒಂದೇ ಪದ ಎಂದು ಬಾಯಿಗೆ ಹತ್ತಿಸಬೇಕು. ನಾವೀಗ ಅವನ್ನು ಗೋಡೆಯ ಒಂದು ಹಾಳೆಯಲ್ಲಿ ಜೋಡಿ ಜೋಡಿಯಾಗಿ ಬರೆದಿಟ್ಟಿದ್ದೇವೆ, ಎರಡು ಪದಗಳ ನಡುವೆ ಜಾಗ ಬಿಡದೆ. ವಾರಕ್ಕೆ ಎರಡು ಸೇರಿಸುತ್ತೇವೆ. ಸದ್ಯ ಹದಿನಾಲ್ಕು ಆಗಿವೆ.